ಎರಡನೇ ಭರಣಿ

ಮೊದ್ಲು ಆಣೆ ಮಾಡು. ಹಾಗಲ್ಲ, ಸರಿಯಾಗಿ ಮಾಡು. ನನ್ನ ತಲೆ ಮೇಲೆ ಕೈಯಿಟ್ಟು ಹೇಳು, ಈ ಬಾಗಿಲು ದಾಟಿ ಒಂದು ಮಾತೂ ಆಚೆ ಹೋಗಲ್ಲ ಅಂತ. ನಿನ್ನ ಗಂಡನ ಹತ್ರಾನೂ ಬಾಯಿ ಬಿಡಬಾರದು, ನಿಮ್ಮ ಮಾವನ ಹತ್ರ ಅಂತೂ ಸುತರಾಂ ಇಲ್ಲ... ಯಾಕೆ ನಗ್ತೀಯಾ? ಗೊತ್ತು ಬಿಡು. ಬೀದಿಯವರ ಬಾಯಲ್ಲೆಲ್ಲಾ ರೇಡಿಯೋ ಅನ್ನಿಸ್ಕೊಂಡೋಳು ಗುಟ್ಟು ಅಂತ ಆಣೆ ಕೇಳ್ತಾಳಲ್ಲ ಅಂತ ತಾನೇ? ನಗು. ನಿನ್ನೆಯಿಂದ ನಿನ್ನ ಮುಖದಲ್ಲಿ ಹಲ್ಲು ಕಂಡಿರ್ಲಿಲ್ಲ, ಅಷ್ಟಾದ್ರೂ ಆಯ್ತಲ್ಲ.

ಕೂತ್ಕೋ ತಂಗಿ. ಆ ಭರಣೀನ ಹಾಗೆ ಗುಡ್ಡೆಗಣ್ಣು ಬಿಟ್ಕೊಂಡು ನೋಡಿದ್ರೆ ಹಿಟ್ಟಿಗೆ ನಾಚಿಕೆ ಆಗತ್ತೆ, ಉಬ್ಬಲ್ಲ. ಒಂಬತ್ತು ಗಂಟೆಗೆ ನೀನೇ ನಿನ್ನ ಕೈಯಾರೆ ಹೊಸ ಹಿಟ್ಟು ಹಾಕ್ದೆ, ನೀರು ಹಾಕ್ದೆ, ಕಲಸ್ದೆ, ಎಲ್ಲಿವರೆಗೆ ಇದೆ ಅಂತ ಗಾಜಿನ ಸುತ್ತ ದಾರಾನೂ ಕಟ್ಟಿದೆ. ಇನ್ನೂ ಹತ್ತೂವರೆ. ಹಿಟ್ಟು ಆ ದಾರ ದಾಟಿ ಮೇಲೆ ಬರ್ಬೇಕು ಅಂದ್ರೆ ಹೊತ್ತು ಬೇಡ್ವಾ? ನನ್ನ ಅಡುಗೆಮನೆಗೆ ಬಿಸಿಲು ಅನ್ನೋದು ಗೊತ್ತಿಲ್ಲ. ಕಿಟಕಿ ತೆಗೆದ್ರೆ ಪಕ್ಕದ ಕಟ್ಟಡದ ಗೋಡೆ, ಕೈ ಚಾಚಿದ್ರೆ ಮುಟ್ಟಬಹುದು. ಇಪ್ಪತ್ತು ವರ್ಷದಿಂದ ಆ ಗೋಡೆ ಜೊತೆ ಸಂಸಾರ ಮಾಡ್ತಿದೀನಿ. ಇಂಥ ಥಂಡಿಯಲ್ಲಿ ಹಿಟ್ಟು ನಿಧಾನ. ಟೀ ಕುಡೀತೀಯಾ? ಬೇಡ್ವಾ? ಬಿಸಿ ಇದೆ... ಆಯ್ತು, ಬೇಡ ಅಂದ್ರೆ ಬೇಡ.

ಗೊತ್ತು ಕಣೇ, ನಂಗೆ ಗೊತ್ತಿಲ್ವಾ? ಅಂಗಡೀಲಿದ್ದ ದೊಡ್ಡ ಭರಣಿ ಹೋದ್ಮೇಲೆ ನಿಮಗೆ ಉಳಿದಿರೋದು ಇದೊಂದೇ. ನಿಮ್ಮ ಮಾವ ಮದುವೆಗೆ ಮುಂಚೆ ಶುರು ಮಾಡಿದ ತಾಯಿಹಿಟ್ಟು. ದಿನಾ ಸ್ವಲ್ಪ ತೆಗೆದು ಬ್ರೆಡ್ಡಿನ ಹಿಟ್ಟಿಗೆ ಬೆರೆಸೋದು, ತೆಗೆದಷ್ಟು ಮತ್ತೆ ಹಾಕಿ ಬೆಳೆಸೋದು, ನಲವತ್ತಮೂರು ವರ್ಷ ಒಂದು ದಿನ ತಪ್ಪದೆ. ಆ ಹುಳಿ, ಆ ಘಮ, ಅದಕ್ಕೇ ತಾನೇ ಆಸ್ಪತ್ರೆಯವರು, ಎರಡು ಹೋಟೆಲಿನವರು, ಹಾಸ್ಟೆಲಿನವರು ಎಲ್ಲಾ ನಿಮ್ಮ ಅಂಗಡಿಗೇ ಬರೋದು. ಪ್ಯಾಕೆಟ್ ಈಸ್ಟ್ ಪುಡಿ ಹಾಕಿ ಮಾಡಬಹುದಿತ್ತು, ಆದರೆ ದೊಡ್ಡವರು, ನಿಮ್ಮ ಮಾವ, ಏನಂದ್ರಂತೆ ನಿನ್ನೆ? ಪುಡಿ ಹಾಕಿದ ಬ್ರೆಡ್ಡು ನನ್ನ ಬಾಗಿಲಿಂದ ಆಚೆ ಹೋಗೋದಾದ್ರೆ ಮೊದಲು ನನ್ನನ್ನ ಆಚೆ ಕಳಿಸಿ ಅಂದ್ರಂತೆ. ಅಂಥ ಮನುಷ್ಯ. ಇವತ್ತಿಗೆ ಎರಡನೇ ದಿನ ಶಟರ್ ಇಳಿದಿರೋದು. ಸಂಜೆಗೆ ಹಿಟ್ಟು ನಾದಿದ್ರೆ ನಾಳೆ ಬ್ರೆಡ್ಡು. ನಾದದಿದ್ರೆ... ನಾಳೆ ತಿರುವಿನಲ್ಲಿ ಆ ಹೊಸ ಬೇಕರಿಯವನು ಬಾಗಿಲು ತೆಗೀತಾನೆ. ಬಂದ ಗಿರಾಕಿ ಒಂದ್ಸಲ ಅಲ್ಲಿ ರುಚಿ ಹತ್ತಿಸ್ಕೊಂಡ್ರೆ ಆಮೇಲೆ ಯಾರು ಎಷ್ಟು ಕರೆದ್ರೂ ತಿರುಗಿ ನೋಡಲ್ಲ.

ಹೂಂ, ಅದೇ ಹೇಳೋಕೆ ಹೊರಟಿದ್ದು. ನಿಮ್ಮ ಭಟ್ಟಿ ಮೇಸ್ತ್ರಿ ವಿಷಯ. ನೀವೆಲ್ಲಾ ಏನಂದ್ಕೊಂಡಿದೀರಾ? ಇಪ್ಪತ್ತೆರಡು ವರ್ಷ ಭಟ್ಟಿ ಮುಂದೆ ಬೆಂದವನು, ತಲೆ ಕೆಟ್ಟು ಏನೋ ಮಾಡ್ಬಿಟ್ಟ ಅಂತ ತಾನೇ? ನಿನ್ನ ಗಂಡ ಅದನ್ನೇ ಹೇಳ್ತಾ ತಿರುಗ್ತಿದಾನೆ, ಪಾಪದ ಪ್ರಾಣಿ. ತಲೆ ಕೆಟ್ಟವನು ಬಟ್ಟೆ ಹರ್ಕೊಂಡು ಬೀದೀಲಿ ಓಡ್ತಾನೆ ಕಣೇ. ಇವನು ಏನು ಮಾಡಿದ? ಕಡೇ ಬ್ರೆಡ್ಡು ಭಟ್ಟಿಯಿಂದ ಆಚೆ ಬರೋವರೆಗೂ ಕಾದ. ನಾದೋ ತೊಟ್ಟೀನ ಕುದಿಯೋ ನೀರಲ್ಲಿ ತಿಕ್ಕಿ ತಿಕ್ಕಿ ತೊಳೆದ, ಮೂಲೆಯಲ್ಲೂ ಒಂದು ಚೂರು ಹಿಟ್ಟು ಉಳೀಬಾರದು ಅಂತ. ಪಾತ್ರೆ ಒರೆಸೋ ಬಟ್ಟೆ ಸಮೇತ ಕುದಿಸಿದ. ನಿಮ್ಮ ಮಾವ ಬೀರು ಬೀಗ ತೆಗೆದು, ದೊಡ್ಡ ಭರಣಿ ಆಚೆ ಇಟ್ಟು, ಹಿಟ್ಟಿನ ಡಬ್ಬ ತರೋಕೆ ಹಿಂದೆ ತಿರುಗಿದ್ರು ಅಷ್ಟೆ. ಇವನು ಕುದಿಯೋ ನೀರಿನ ಕೆಟಲು ಎತ್ತಿ ಭರಣಿಗೆ ಬಗ್ಗಿಸಿಬಿಟ್ಟ, ಹಿಟ್ಟು ಸತ್ತೇ ಹೋಯ್ತು. ಆಮೇಲೆ ಏಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಮೇಜಿನ ಮೇಲಿಟ್ಟು ಹೋದ. ಮಡಿಸಿಟ್ಟು ಹೋದ ಅಂದ್ರೆ ಅವನ ತಲೆ ಎಷ್ಟು ತಣ್ಣಗಿತ್ತು ನೋಡು.

ಯಾಕೆ ಮಾಡಿದ ಅಂತ ನಾನು ಹೇಳ್ತೀನಿ. ಆಸೆ. ದುರಾಸೆ. ಅದು ಇವತ್ತು ನಿನ್ನೆಯದಲ್ಲ.

ನಿಮ್ಮ ಅಂಗಡಿ ಬೋರ್ಡಿಗೆ ಹೊಸ ಬಣ್ಣ ಹೊಡೆಸಿದ್ರಲ್ಲ, ಅವತ್ತು ನೀನು ತವರಿಗೆ ಹೋಗಿದ್ದೆ. ನಾನು ಕೆಳಗೆ ಬೀದಿ ನಲ್ಲೀಲಿ ನೀರು ಹಿಡೀತಿದ್ದೆ. ಮೇಸ್ತ್ರಿ ಅವತ್ತು ನುಣ್ಣಗೆ ಗಡ್ಡ ಕೆರೆದು ಬಂದಿದ್ದ. ಇಸ್ತ್ರಿ ಅಂಗಿ. ಭಟ್ಟಿ ಮುಂದೆ ಇಸ್ತ್ರಿ ಅಂಗಿ ಹಾಕೋ ಹುಚ್ಚ ಯಾರು? ಏನಪ್ಪಾ ಹೆಣ್ಣು ನೋಡೋಕೆ ಹೊರಟ್ಯಾ ಅಂದೆ. ಬರೀ ನಕ್ಕ. ನಿಮ್ಮ ಮಾವ ಯಾವತ್ತೋ ಒಂದಿನ ಖುಷೀಲಿ ಬೆನ್ನು ತಟ್ಟಿ ಅಂದಿದ್ರಂತೆ, ಈ ಅಂಗಡಿ ನಿಂದೂ ಹೌದಲ್ಲೋ ಅಂತ. ನಾವೆಲ್ಲಾ ಅಂತೀವಲ್ಲ, ಬಂದ ನೆಂಟರಿಗೆ ಇದು ನಿಮ್ಮನೆ ಅಂದ್ಕೊಳ್ಳಿ ಅಂತ, ಹಾಗೆ. ಇವನು ಅದನ್ನ ಎದೆಗೆ ಹಾಕ್ಕೊಂಡು ಹದಿನಾರು ವರ್ಷ ಕಾದಿದಾನೆ. ಬೋರ್ಡು ಹೊಸದು ಬರೆಸ್ತಾರೆ ಅಂದ ತಕ್ಷಣ ತನ್ನ ಹೆಸರೂ ಬರತ್ತೆ ಅಂತ ತೀರ್ಮಾನ. ಬಣ್ಣದವನಿಗೆ ಏಣಿ ಜಾರ್ತಿತ್ತು. ಹಿಡ್ಕೊಂಡವನು ಯಾರು? ಇವನೇ. ಕೆಳಗೆ ಏಣಿ ಹಿಡ್ಕೊಂಡು, ಕತ್ತೆತ್ತಿ ಒಂದೊಂದೇ ಅಕ್ಷರ ಓದ್ತಿದಾನೆ. ದೊಡ್ಡವರ ಹೆಸರು ಆಯ್ತು. 'ಮತ್ತು' ಅಂತ ಬರೆದ. ಮೇಸ್ತ್ರಿ ಮುಖ ನೋಡ್ಬೇಕಿತ್ತು ನೀನು, ಬೆಳಗಿನ ಭಟ್ಟಿ ಥರ ಕೆಂಪಗೆ. ಆಮೇಲೆ ಬಣ್ಣದವನು ಬರೆದ, 'ಮಗ'.

ಏಣಿ ಬಿಡಲಿಲ್ಲ ಅವನು. ಅದೊಂದು ಹೇಳ್ಬೇಕು. ಬಣ್ಣದವನು ಇಳಿಯೋವರೆಗೂ ಹಿಡ್ಕೊಂಡೇ ನಿಂತಿದ್ದ.

ನಾನು ನಕ್ಕೆ ಅವತ್ತು. ಬಿಂದಿಗೆ ಹೊತ್ಕೊಂಡು ಮೆಟ್ಟಿಲು ಹತ್ತುತ್ತಾ ಹತ್ತುತ್ತಾ ನಗು ಬರ್ತಿತ್ತು. ಮೂರನೇ ಮಹಡಿ ಹೊತ್ತಿಗೆ ನಗು ನಿಂತೋಯ್ತು, ಯಾಕೆ ಅಂತ ಗೊತ್ತಾಗ್ಲಿಲ್ಲ.

ಅದಾಗಿ ಎರಡು ತಿಂಗಳಿಗೆ ಆ ಕೋಟಿನವನು ಬಂದ. ಅದೇ ಕಣೇ, ತಿರುವಿನ ಅಂಗಡಿ ಹಿಡಿದಿರೋನು. ಸೆಖೆಗಾಲದಲ್ಲೂ ಕೋಟು ಹಾಕೋನು. ಮೇಸ್ತ್ರಿಗೆ ಅರ್ಧ ಪಾಲು ಅಂದ. ಬೋರ್ಡಿನ ಮೇಲೆ ಹೆಸರು ಅಂದ, ಮೊದಲು ಮೇಸ್ತ್ರಿ ಹೆಸರು, ಆಮೇಲೆ ತನ್ನದು. ಬದಲಿಗೆ ಆ ತಾಯಿಹಿಟ್ಟು ತರ್ಬೇಕು. ತರೋದೇನು ಮಹಾ, ನಾದಿದ ಹಿಟ್ಟಿಂದ ಒಂದು ಉಂಡೆ ಜೇಬಿಗೆ ಹಾಕ್ಕೊಂಡ್ರೆ ಆಯ್ತು, ಅದರಿಂದಲೇ ಬೆಳೆಸಬಹುದು. ಆದರೆ ಕೋಟಿನವನು ಬರೀ ಅಷ್ಟಕ್ಕೇ ಸುಮ್ಮನಾಗೋ ಆಸಾಮಿ ಅಲ್ಲ. ಈ ರುಚಿ ಊರಲ್ಲಿ ನಮ್ಮೊಬ್ಬರ ಹತ್ರಾನೇ ಇರ್ಬೇಕು ಅಂದ. ಅಂದ್ರೆ ಅರ್ಥ ಆಯ್ತಲ್ಲ? ಅವರಲ್ಲಿ ಇರಬಾರದು. ಅದು ಷರತ್ತು. ಅಯ್ಯೋ, ಮನುಷ್ಯ ಮನುಷ್ಯನಿಗೆ ಹೀಗೂ ಕೇಳ್ತಾನಾ ಅಂತ... ಕೇಳ್ತಾನೆ ಕಣೇ. ಕೇಳೋವಾಗ ಧ್ವನಿ ಕೂಡ ಏರಿಸಲ್ಲ. ಟೀ ಕುಡೀತಾ ಕೇಳ್ತಾನೆ.

ಇಪ್ಪತ್ತೆರಡು ವರ್ಷ ಉಪ್ಪು ತಿಂದ ಮನೆ. ಮೇಸ್ತ್ರಿಗೆ ಕೈ ಸುಟ್ಟಾಗ ಔಷಧಿ ಹಚ್ಚಿದವಳು ನಿಮ್ಮತ್ತೆ. ಆ ಕೈಯಲ್ಲೇ ಕೆಟಲು ಎತ್ತಿದನಲ್ಲ, ಹೇಳು. ಆಸೆ ಅನ್ನೋದು ಕಣ್ಣಿಗೆ ಕಟ್ಟಿದ ಬಟ್ಟೆ. ಅರ್ಧ ಪಾಲು, ಹೆಸರು, ಅಂಗಡಿ ಹಿಂದೆ ಎರಡು ಕೋಣೆ, ಒಳಗೇ ನಲ್ಲಿ, ಬೀದಿ ಕಡೆ ಅಷ್ಟಗಲ ಕಿಟಕಿ, ಕೂತ್ರೆ ಬಸ್ ಸ್ಟಾಪಿಂದ ಹಿಡಿದು ಶಾಲೆ ಗೇಟಿನವರೆಗೂ ಕಾಣತ್ತೆ...

ಏನು?

ಹಾಗೆ ಯಾಕೆ ನೋಡ್ತೀಯಾ? ಆ ಕೋಣೇನಾ? ನಂಗೆ ಹೇಗೆ ಗೊತ್ತು ಅಂದ್ರೆ... ಬೀದೀಲಿ ಹೋಗ್ತಾ ಬಾಗಿಲು ತೆರೆದಿತ್ತು, ಇಣುಕಿದೆ. ನಾನು ಇಣುಕದ ಮನೆ ಈ ಬೀದೀಲಿ ಯಾವುದಿದೆ ಹೇಳು? ನೀನು ಮದುವೆಯಾಗಿ ಬಂದ ದಿನಾನೂ ನಿಮ್ಮನೇಲಿ ಮೊದಲು ಇಣುಕಿದೋಳು ನಾನೇ. ಮೇಸ್ತ್ರಿ ಅಲ್ಲಿಗೆ ಹೋಗಲ್ಲ ಬಿಡು, ಅವನಿಗೆ ಸ್ವಂತ ಮನೆ ಇದೆ. ಯಾರೋ ಬಾಡಿಗೆಯವರು ಬರ್ತಾರೇನೋ. ನಂಗೇನು ಗೊತ್ತು.

ಅದನ್ನ ಯಾಕೆ ಎತ್ಕೊಂಡೆ ಈಗ? ಮುಚ್ಚಳ ತೆಗೀಬೇಡ ಕಣೇ, ಥಂಡಿ ಹೊಡಿಯತ್ತೆ. ಸುಮ್ನಿರು... ಎಷ್ಟು ಸಲ ಮೂಸ್ತೀಯಾ? ಒಂಬತ್ತಕ್ಕೆ ಮೂಸ್ದೆ, ಆಮೇಲೆ ಎರಡು ಸಲ ಮೂಸ್ದೆ. ಹುಳಿ ವಾಸನೆ ಇದೆಯಲ್ಲ? ಇದೆ ತಾನೇ? ಮತ್ತೇನು. ನಿನ್ನೆ ನಿಮ್ಮ ಅವಾಂತರದಲ್ಲಿ ನಾನೂ ಒಂದು ಹೊತ್ತು ಹಿಟ್ಟು ಹಾಕೋದು ಮರೆತೆ, ಅದಕ್ಕೆ ಸ್ವಲ್ಪ ಮುನಿಸ್ಕೊಂಡಿದೆ. ಒಂದು ಗುಳ್ಳೆ ಬಂತು ನೋಡು, ಅಲ್ಲಿ, ಬದಿಯಲ್ಲಿ. ಅದು ನೀನು ಕಲಸುವಾಗ ಆಗಿದ್ದಾ? ಇರಲಿ, ಗುಳ್ಳೆ ಗುಳ್ಳೆನೇ ತಾನೇ.

ಒಲೆ ಹಚ್ತೀನಿ ತಾಳು. ಹತ್ರ ಇಟ್ರೆ ಬೆಚ್ಚಗಾಗತ್ತೆ.

ಏನಾದ್ರೂ ಮಾತಾಡೇ. 

ನೀನು ಏನು ಲೆಕ್ಕ ಹಾಕ್ತಿದೀಯಾ ಅಂತ ಗೊತ್ತು. ಕೋಟಿನವನ ಷರತ್ತು ಅಷ್ಟು ಚೆನ್ನಾಗಿ ಇವಳಿಗೆ ಯಾರು ಹೇಳಿದ್ರು ಅಂತ. ಮೇಸ್ತ್ರಿನೇ ಹೇಳಿದ. ನನ್ನ ಹತ್ರ ಯಾರು ಹೇಳಲ್ಲ? ಜನ ಮೂರು ಮಹಡಿ ಹತ್ಕೊಂಡು ಬಂದು ಹೇಳಿ ಹೋಗ್ತಾರೆ. ಬಂದಿದ್ದ, ಹೌದು. ಮೊನ್ನೆ ಸಂಜೆ ಐದಕ್ಕೆ. ನೀನು ಕೂತಿದೀಯಲ್ಲ, ಅದೇ ಕುರ್ಚಿ. ಬಂದ, ಮಾತಾಡಿದ, ಹೋದ. ಹೇಳ್ಬೇಕಿತ್ತು ನಿಮಗೆ. ಹೇಳೋಣ ಅಂತಲೇ ಇದ್ದೆ. ನಿನ್ನೆ ಬೆಳಿಗ್ಗೆ ಇಳಿದು ಬಂದು ಹೇಳೋಣ ಅಂತ... ಅಷ್ಟರಲ್ಲಿ ಆಗಿಹೋಯ್ತು. ನಾನು ಇಷ್ಟು ಬೇಗ ಮಾಡ್ತಾನೆ ಅಂದ್ಕೊಂಡಿರ್ಲಿಲ್ಲ.

ಹಾಗೆ ನೋಡ್ಬೇಡ ಅಂದೆ.

ನೀನು ಕೇಳ್ಲೇಬೇಕಾದ್ದು ಒಂದಿದೆ, ಕೇಳ್ತಾ ಇಲ್ಲ. ಈ ಎರಡನೇ ಭರಣಿ ಇರೋ ವಿಷಯ ಯಾರಿಗೆ ಗೊತ್ತಿತ್ತು? ನಿಮ್ಮ ಮಾವನಿಗೆ, ನಿನ್ನ ಗಂಡನಿಗೆ, ನಿನಗೆ, ನನಗೆ. ಅಂಗಡೀಲಿ ಬೆಂಕಿ ಬಿದ್ರೆ, ಏನಾದ್ರೂ ಆದ್ರೆ ಬೇರೆ ಮನೇಲಿ ಒಂದು ಇರಲಿ ಅಂತ ದೊಡ್ಡವರು ಹದಿನಾಲ್ಕು ವರ್ಷದ ಹಿಂದೆ ತಂದಿಟ್ಟಿದ್ದು. ಕೆಲಸದವರಿಗೆ ಯಾರಿಗೂ ಗೊತ್ತಾಗಬಾರದು ಅಂದಿದ್ರು. ಹದಿನಾಲ್ಕು ವರ್ಷ ನಾನು ಬಾಯಿ ಬಿಟ್ಟಿಲ್ಲ. ನಾನು, ರೇಡಿಯೋ. ನನ್ನ ಸ್ವಂತ ತಂಗಿಗೆ ಹೇಳಿಲ್ಲ, ಅವಳು ಮನೆಗೆ ಬಂದಾಗ ಉಪ್ಪಿನ ಡಬ್ಬದ ಹಿಂದೆ ಮುಚ್ಚಿಡ್ತಿದ್ದೆ. ನಿಮ್ಮ ಮನೆಯವರು ಯಾರಾದ್ರೂ ಒಂದು ದಿನ, ಒಂದೇ ಒಂದು ದಿನ, ಭಲೇ ಅಂದ್ರಾ?

ಏನು ಕೊಡ್ತಿದ್ರಿ ಅಂತ ಹೇಳ್ಲಾ? ಎರಡು ಬ್ರೆಡ್ಡು. ನಿನ್ನೆದು. ಹದಿನಾಲ್ಕು ವರ್ಷದಲ್ಲಿ ನನ್ನ ಬಾಯಿಗೆ ನಿಮ್ಮಂಗಡಿಯ ಬಿಸಿ ಬ್ರೆಡ್ಡು ಬಿದ್ದಿಲ್ಲ ಕಣೇ. ಬೇಸರಕ್ಕೆ ಹೇಳ್ತಿಲ್ಲ. ಇರೋದು ಹೇಳ್ತಿದೀನಿ. ಬೆಳಿಗ್ಗೆ ಏಳಕ್ಕೆ ಒಂದು ಸಲ, ಸಂಜೆ ಏಳಕ್ಕೆ ಒಂದು ಸಲ, ಹಿಟ್ಟು ಹಾಕು, ನೀರು ಹಾಕು, ಹಳೇದು ತೆಗಿ. ಹಸುಗೂಸಿನ ಥರ. ಹಸುಗೂಸಾದ್ರೂ ದೊಡ್ಡದಾಗತ್ತೆ, ಶಾಲೆಗೆ ಹೋಗತ್ತೆ. ಇದು ಹದಿನಾಲ್ಕು ವರ್ಷವೂ ತೊಟ್ಟಿಲಲ್ಲೇ. ತಂಗಿ ಮಗಳ ಮದುವೆಗೆ ಬೆಳಿಗ್ಗೆ ಹೋಗಿ ಊಟಕ್ಕೂ ನಿಲ್ಲದೆ ಬಂದೆ. ಏನಕ್ಕಾ ಮನೇಲಿ ಯಾರನ್ನ ಬಚ್ಚಿಟ್ಟಿದೀಯಾ ಅಂತ ಅವರೆಲ್ಲಾ ನಕ್ಕರು. ನಾನೂ ನಕ್ಕೆ.

ನಮ್ಮೆಜಮಾನ್ರು ಆಸ್ಪತ್ರೇಲಿದ್ರಲ್ಲ ಆ ವರ್ಷ. ಒಂಬತ್ತು ದಿನ. ನೀನು ಒಂದು ಸಲ ಹಣ್ಣು ತಂದಿದ್ದೆ, ಮರೆತಿಲ್ಲ. ಒಂಬತ್ತನೇ ದಿನ ಸಂಜೆ ನನ್ನ ಕೈ ಹಿಡ್ಕೊಂಡ್ರು. ಇವತ್ತು ಹೋಗ್ಬೇಡ್ವೇ ಅಂದ್ರು. ಯಾವತ್ತೂ ಹಾಗೆ ಅಂದವರಲ್ಲ. ನಾನು ಗಡಿಯಾರ ನೋಡಿದೆ, ಆರೂಕಾಲು. ಹಿಟ್ಟಿಗೆ ಹೊತ್ತಾಯ್ತು ರೀ, ಹಾಕಿ ಓಡ್ಬರ್ತೀನಿ ಅಂದೆ. ಬಂದೆ. ಹಾಕ್ದೆ. ಕಲಸಿದೆ. ಕೈ ತೊಳೆದು ಓಡಿದೆ. ಅಷ್ಟು ಹೊತ್ತಿಗೆ ಮುಖದ ಮೇಲೆ ಬಟ್ಟೆ ಎಳೆದಿದ್ರು.

ಇದನ್ನ ಯಾರಿಗೂ ಹೇಳಿರ್ಲಿಲ್ಲ. ಯಾರಿಗೆ ಹೇಳಲಿ? ಒಂದು ಭರಣಿ ಹಿಟ್ಟಿಗೋಸ್ಕರ ಗಂಡನ ಕೈ ಬಿಡಿಸ್ಕೊಂಡು ಬಂದೆ ಅಂತ ಹೇಳೋಕಾಗತ್ತಾ? ಮಾರನೇ ದಿನ ನಿಮ್ಮ ಮಾವ ಬಂದು ನನ್ನ ಮುಂದೆ ಕೂತು ಅತ್ತರು, ನಿಜವಾಗಲೂ ಅತ್ತರು. ಹೋಗೋವಾಗ ಬಾಗಿಲಲ್ಲಿ ನಿಂತು ಕೇಳಿದ್ರು, ಹಿಟ್ಟು ಹೇಗಿದೆಯಮ್ಮಾ, ನಿನ್ನೆ ತಪ್ಪಲಿಲ್ಲ ತಾನೇ ಅಂತ. ತಪ್ಪಲಿಲ್ಲ ದೊಡ್ಡವರೇ ಅಂದೆ.

ಅಳ್ಬೇಡ. ಅಳೋಕೆ ಹೇಳಿದ್ದಲ್ಲ... ಅಳ್ತಾ ಇಲ್ವಾ? ಮತ್ತೆ ಯಾಕೆ ಕಣ್ಣು ಹಾಗಾಯ್ತು?

ಮೇಸ್ತ್ರಿ ಮೊನ್ನೆ ಬಂದಾಗ ಮೊದಲು ತನ್ನ ಕಥೆ ಹೇಳಿದ. ಏಣಿದು. ಕೇಳ್ತಾ ಕೇಳ್ತಾ ನಂಗೆ ಏನೋ ಕಿತ್ಕೊಂಡು ಬಂತು. ಇಷ್ಟುದ್ದದ ಗಂಡಸು, ಇಪ್ಪತ್ತೆರಡು ವರ್ಷ ನಾನಿಲ್ಲದಿದ್ರೆ ಆ ಅಂಗಡಿ ನಡಿಯಲ್ಲ ಅಂತ ಎದೆ ಬಡ್ಕೊಂಡ. ನಾನು ಅಂದೆ, ಹೋಗೋ, ನೀನಿಲ್ಲದಿದ್ರೂ ನಡಿಯತ್ತೆ. ನಾನಿಲ್ಲದಿದ್ರೆ ನಡಿಯಲ್ಲ. ಅವರ ಜೀವ ನನ್ನ ಅಡುಗೆಮನೆಯಲ್ಲಿದೆ ಅಂದೆ.

ಅಷ್ಟೇ ಅಂದಿದ್ದು. ಜಂಬಕ್ಕೆ. ಒಬ್ಬರ ಮುಂದಾದ್ರೂ ಒಂದು ಸಲ ಹೇಳ್ಕೋಬೇಕು ಅನ್ನಿಸ್ತು. ಅವನಿಗೆ ಅರ್ಥ ಆಗ್ಲಿಲ್ಲ. ಬಿಡಿಸಿ ಹೇಳಕ್ಕಾ ಅಂದ. ನಾನು ಉಪ್ಪಿನ ಡಬ್ಬ ಸರಿಸಿದೆ.

ಅವನ ಮುಖ ಸುಣ್ಣ ಆಗಿಹೋಯ್ತು. ತುಂಬಾ ಹೊತ್ತು ಇದನ್ನೇ ನೋಡಿದ. ನಾಳೆ ನಾನು ಏನು ಮಾಡಿದ್ರೂ ದಂಡ ಆಗ್ತಿತ್ತಲ್ಲಕ್ಕಾ ಅಂದ. ಆಮೇಲೆ ಆ ಕೋಣೆ ವಿಷಯ ತೆಗೆದ. ಕೋಟಿನವನಿಗೆ ನಾನು ಒಂದು ಮಾತು ಹೇಳಿದ್ರೆ ಸಾಕು, ಅಂಗಡಿ ಹಿಂದಿನ ಮನೆ ನಿಂಗೆ, ಇರೋವರೆಗೂ ಇರು ಅಂದ. ನೀರು ಹೊರೋ ಹಾಗಿಲ್ಲ ಅಂದ. ಕಿಟಕಿ ಇದೆ ಅಂದ. ಬೀದಿಗೆ.

ನಗು ಬೇಕಾದ್ರೆ. ಬೇರೆಯವರು ಬಂಗಾರಕ್ಕೆ ಬೀಳ್ತಾರೆ, ಇವಳು ಕಿಟಕಿಗೆ ಬಿದ್ಳು ಅಂತ.

 ಒಂದು ಬೈಗುಳ ಬೈಯಿ. ಎದ್ದು ಕಪಾಳಕ್ಕೆ ಹೊಡಿ, ನಿಂಗಿಂತ ದೊಡ್ಡವಳು ಅಂತ ನೋಡ್ಬೇಡ.

ಹೌದು ಕಣೇ. ಹೌದು. ಆ ವಾಸನೆ ವಿನಿಗರಿಂದು. ನೀನು ಬರೋ ಮುಂಚೆ ಹಿಟ್ಟು ನೀರು ಕಲಸಿ ಎರಡು ಚಮಚ ಹಾಕಿಟ್ಟೆ. ಒಂಬತ್ತು ಗಂಟೆಗೆ ಮುಚ್ಚಳ ತೆಗೆದಾಗಲೇ ನಿಂಗೆ ಗೊತ್ತಾಯ್ತು, ಅಲ್ವಾ? ಬೇಕರಿ ಮನೆಯವಳಿಗೆ ಗೊತ್ತಾಗದೆ ಇರತ್ತಾ? ಗೊತ್ತಾಗಿಯೂ ದಾರ ಕಟ್ಟಿದೆ. ಒಂದೂವರೆ ಗಂಟೆಯಿಂದ ನನ್ನ ಬಾಯಿಂದ ಬರ್ಲಿ ಅಂತ ಕಾದು ಕೂತಿದೀಯಾ.

ಇದಕ್ಕೆ ಕುದಿಯೋ ನೀರು ಅವನು ಹಾಕ್ಲಿಲ್ಲ. ನಾನೇ ಹಾಕಿದ್ದು. ಅವನು ಕೆಟಲು ಎತ್ತಿಕೊಟ್ಟ, ನಾನು ಬಗ್ಗಿಸಿದೆ. ಹಾಕುವಾಗ ಒಂದು ಸದ್ದು ಬಂತು, ನಿಟ್ಟುಸಿರು ಬಿಟ್ಟ ಹಾಗೆ. ಗುಳ್ಳೆಗಳು ಒಡೆದಿದ್ದು ಇರ್ಬೇಕು. ಇಡೀ ಕೋಣೆ ಬ್ರೆಡ್ಡಿನ ಘಮ. ಬಿಸಿ ಬ್ರೆಡ್ಡಿಂದು.

ಅಂಗಡೀಲಿ ದೊಡ್ಡದು ಇದೆಯಲ್ಲ, ಇದು ಹೋದ್ರೆ ಅವರಿಗೇನು ನಷ್ಟ, ನಂಗೆ ಬಿಡುಗಡೆ ಆಗತ್ತೆ ಅಂದ್ಕೊಂಡೆ. ಮೇಸ್ತ್ರಿ ಹಾಗೆ ಹೇಳಿದ, ದೊಡ್ಡದು ಇದ್ದೇ ಇರತ್ತೆ ಅಂತ... ಇಲ್ಲ. ಹೇಳ್ಲಿಲ್ಲ. ಅವನು ಏನೂ ಹೇಳ್ಲಿಲ್ಲ. ದೊಡ್ಡದು ಇರೋದಾದ್ರೆ ಇದನ್ನ ಯಾಕೋ ಸಾಯಿಸ್ಬೇಕು ಅಂತ ನಾನು ಕೇಳ್ಬೇಕಿತ್ತು. ಕೋಟಿನವನ ಷರತ್ತು ಆಗಲೇ ನನ್ನ ಕಿವಿಗೆ ಬಿದ್ದಿತ್ತು. ಬೀದಿಯವರ ಹೊಟ್ಟೇಲಿರೋದೆಲ್ಲಾ ಬಗೆದು ಬಗೆದು ಕೇಳೋಳು ನಾನು. ಯಾವ ಮನೇಲಿ ಎಷ್ಟು ಹೊತ್ತಿಗೆ ದೀಪ ಆರತ್ತೆ ಅಂತ ಕೇಳೋಳು. ಅವತ್ತು ಆ ಒಂದು ಪ್ರಶ್ನೆ ಕೇಳ್ಲಿಲ್ಲ. ಉತ್ತರ ಗೊತ್ತಿತ್ತು, ಅದಕ್ಕೇ ಕೇಳ್ಲಿಲ್ಲ.

ಎರಡು ರಾತ್ರಿ ಕಣ್ಣು ಮುಚ್ಚಿಲ್ಲ ಕಣೇ. ಏಳು ಗಂಟೆ ಆದ್ರೆ ಕೈ ತಾನಾಗೇ ಹಿಟ್ಟಿನ ಡಬ್ಬಕ್ಕೆ ಹೋಗತ್ತೆ. ಇವತ್ತು ಬೆಳಿಗ್ಗೆ ಹೊಸ ಬೇಕರಿಗೆ ಓಡಿದೆ. ಮೇಸ್ತ್ರಿ ಭಟ್ಟಿ ಪಕ್ಕ ಕೂತಿದ್ದ. ಒಂದು ಚಮಚ ಕೊಡೋ, ಒಂದೇ ಒಂದು ಚಮಚ, ಅಷ್ಟಿದ್ರೆ ಮತ್ತೆ ಬೆಳೆಸ್ಕೋತಾರೆ, ನಿನ್ನ ಕಾಲಿಗೆ ಬೀಳ್ತೀನಿ ಅಂದೆ. ಬಿದ್ದೆ ಕೂಡ. ಅವನು ಎಬ್ಬಿಸಿ ಕೂರಿಸಿದ. ನನ್ನ ಕೈಗೆ ಬೀಗದ ಕೈ ಇಟ್ಟ. ನೋಡು, ಇಲ್ಲಿದೆ. ಮಾತು ತಪ್ಪಲಿಲ್ಲ ಅವನು, ಅದೇ ನಂಗೆ ತಡಿಯಕ್ಕಾಗ್ತಿಲ್ಲ. ಮೋಸ ಮಾಡಿದ್ರೆ ಬೀದೀಲಿ ನಿಂತು ಅವನ ಮಾನ ಕಳೀಬಹುದಿತ್ತು. ನಾವಿಬ್ಬರೂ ಈಗ ಒಂದೇ ಅಕ್ಕಾ, ಚಮಚ ಕೊಟ್ರೆ ಇಬ್ಬರೂ ಮುಳುಗ್ತೀವಿ ಅಂದ. ಬೀಗದ ಕೈ ಅಲ್ಲೇ ಬಿಸಾಡಿ ಬರ್ಬೇಕಿತ್ತು. ಬಿಸಾಡ್ಲಿಲ್ಲ. ಸೆರಗಿಗೆ ಕಟ್ಕೊಂಡು ಬಂದೆ. ಬಂದು ನಿಂಗೋಸ್ಕರ ವಿನಿಗರ್ ಕಲಸಿದೆ.

ತಗೋ. ಬೇಡ ನಂಗೆ. ತಗೊಂಡು ಚರಂಡಿಗೆ ಹಾಕು... ಮುಟ್ಟೋದೂ ಇಲ್ವಾ? ನಾನೇ ಮತ್ತೆ ಹೋಗ್ತೀನಿ. ಅಂಗಡಿ ಮುಂದೆ ಕೂತು ಕೂಗ್ತೀನಿ, ಇಡೀ ಬೀದಿ ಸೇರೋ ಹಾಗೆ. ನನ್ನ ಬಾಯಿ ನಿಂಗೆ ಗೊತ್ತಲ್ಲ, ಇವತ್ತಾದ್ರೂ ಅದು ಒಂದು ಉಪಯೋಗಕ್ಕೆ ಬರ್ಲಿ. ಹನ್ನೆರಡರ ಒಳಗೆ ಒಂದು ಚಮಚ ತಂದೇ ತರ್ತೀನಿ. ನಿಮ್ಮ ಮಾವನಿಗೆ ಮಾತ್ರ ಸಂಜೆವರೆಗೆ ಏನೂ ಹೇಳ್ಬೇಡ. ಆ ಮುಖ ನೋಡೋಕೆ ನನ್ನ ಕೈಲಿ...

ಶ್. ಮೆಟ್ಟಿಲ ಮೇಲೆ ಯಾರೋ.

ಕೋಲಿನ ಸದ್ದು. ಅವರೇ. ಮೂರು ಮಹಡಿ ಆ ಮಂಡಿ ಇಟ್ಕೊಂಡು ಯಾಕೆ ಹತ್ತಿದ್ರು? ಯಾರಾದ್ರೂ ಕರ್ಕೊಂಡು ಬಂದಿದಾರಾ? ಇಲ್ಲ, ಒಬ್ಬರೇ. ಎರಡು ಮೆಟ್ಟಿಲು ಹತ್ತಿ ನಿಲ್ತಾರೆ, ಮತ್ತೆ ಎರಡು. ದೊಡ್ಡ ಭರಣಿ ತಂದಿದಾರೆ, ಗೋಡೆಗೆ ತಾಗ್ತಿದೆ ಕೇಳು. ತುಂಬಿಸ್ಕೊಂಡು ಹೋಗೋಕೆ ತಂದಿದಾರೆ.

ಎದ್ದು ಎಲ್ಲಿಗೆ ಹೊರಟೆ? ಇರು. ಬಾಗಿಲು ತೆಗೀಬೇಡ, ಒಂದು ನಿಮಿಷ ಇರು, ನಾನು ಏನು ಹೇಳ್ಬೇಕು ಅಂತ... ನೀನೇ ಹೇಳ್ತೀಯಾ? ಸೊಸೆ ಬಾಯಿಂದ ಬಂದ್ರೆ ಸ್ವಲ್ಪ ಮೆತ್ತಗಿರತ್ತೆ. ಮೇಸ್ತ್ರಿನೇ ಬಂದು ಮಾಡಿದ ಅನ್ನು. ನಾನು ಮನೇಲಿರ್ಲಿಲ್ಲ ಅನ್ನು. ಅನ್ನಲ್ವಾ? ಅನ್ನಲ್ಲ. ಬೇಡ, ಅನ್ಬೇಡ.

ಕೂಗ್ತಿದಾರೆ. ಕೇಳಿಸ್ತಾ? ಏದುಸಿರು ಬಿಡ್ತಾ ಕೂಗ್ತಿದಾರೆ, ಉಬ್ಬಿತೇನಮ್ಮಾ ಅಂತ.

ನಿನ್ನನ್ನಲ್ಲ ಕಣೇ ಕೇಳ್ತಾ ಇರೋದು. ನನ್ನನ್ನ.

ಬಂದೆ ದೊಡ್ಡವರೇ... ಬಂದೆ, ಅಲ್ಲೇ ನಿಲ್ಲಿ, ಭರಣಿ ನನ್ನ ಕೈಗೆ ಕೊಡಿ, ನಾನು...